ಎಪ್ರಿಲ್ ಸೆಕೆಯಲ್ಲಿ ಸೊಂಟಕ್ಕೆ .32: ಯಾವುದು ಕೊಳ್ಳಲಿ, ಎಲ್ಲಿ ಕಟ್ಟಿಕೊಳ್ಳಲಿ?

ರಥಬೀದಿ ವ್ಯಾಪಾರಿ

ಮಂಗಳೂರಿನ ರಥಬೀದಿಯಲ್ಲಿ ನಮ್ಮದು ಸಣ್ಣ ಚಿನ್ನದಂಗಡಿ. ವಾರಕ್ಕೆರಡು ಸಲ ಒಡವೆ ಕಟ್ಟಿಕೊಂಡು ಉಡುಪಿಗೂ ಕಾರ್ಕಳಕ್ಕೂ ಹೋಗಿಬರುವುದು ತಂದೆಯ ಕಾಲದಿಂದ ನಡೆದುಬಂದಿದೆ. ಹೋದ ವರ್ಷ ಪಡುಬಿದ್ರಿಯ ಹತ್ತಿರ ಒಂದು ಬೈಕು ಹದಿನೈದು ನಿಮಿಷ ನಮ್ಮ ಕಾರಿನ ಬೆನ್ನು ಬಿಡಲಿಲ್ಲ. ಏನೂ ಆಗಲಿಲ್ಲ, ಆದರೆ ಆ ಮಾತು ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಮನೆಯವಳ ಒತ್ತಾಯಕ್ಕೆ ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದೆ, ಪೊಲೀಸ್ ವಿಚಾರಣೆ ಮುಗಿಯಿತು, ಪರವಾನಗಿ ಕೈಗೆ ಬಂತು. ಈಗ ಕೊಳ್ಳುವ ಗಡುವು ಹತ್ತಿರ ಬರುತ್ತಿದೆ.

.32 ಎಂಬುದು ನಳಿಗೆಯ ಒಳ ಅಗಲದ ಅಳತೆ. .32 ರಿವಾಲ್ವರೋ, .32 ಪಿಸ್ತೂಲೋ ಎಂಬುದು ಮೊದಲ ಪ್ರಶ್ನೆ. ಎರಡನೆಯದು ಇನ್ನೂ ಕಷ್ಟದ್ದು. ನಾನು ಗಿಡ್ಡ, ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂದಿದೆ, ಅರ್ಧ ತೋಳಿನ ಶರ್ಟನ್ನು ಪ್ಯಾಂಟಿನ ಹೊರಗೆ ಬಿಡುವವನು. ಈ ಸೆಕೆಯಲ್ಲಿ ಇದನ್ನು ಯಾರಿಗೂ ಕಾಣದ ಹಾಗೆ, ನನಗೂ ಹಿಂಸೆಯಾಗದ ಹಾಗೆ ಇಟ್ಟುಕೊಂಡು ದಿನ ಕಳೆಯಲು ಸಾಧ್ಯವೇ? ಯೂಟ್ಯೂಬಿನಲ್ಲಿ ಅಮೆರಿಕದವರ ಮಾತು ಕೇಳಿ ಕೇಳಿ ತಲೆ ಕೆಟ್ಟಿದೆ.

ಕುಂದಾಪುರದವ, ಈಗ ಟೆಕ್ಸಸ್

ಅಣ್ಣ, ಆ ವಿಡಿಯೋಗಳಲ್ಲಿ ತೋರಿಸುವ ಪಿಸ್ತೂಲುಗಳ ಆಸೆ ಬಿಡಿ. ಇಲ್ಲಿ ನಾನು ಇಟ್ಟುಕೊಂಡಿರುವುದು ಸಿಗ್ ಪಿ365. 2018ರಲ್ಲಿ ಬಂದ ಮಾದರಿ, 9 ಎಂಎಂ, ಗುಂಡು ತುಂಬುವ ಮ್ಯಾಗಜಿನ್‌ನಲ್ಲಿ ಹತ್ತು ಗುಂಡು, ತೂಕ ಅರ್ಧ ಕಿಲೋದಷ್ಟು. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ದಾಟಿದ, ಕಾನೂನಿನ ಅಡ್ಡಿಯಿಲ್ಲದ ಮನುಷ್ಯ ಪರವಾನಗಿ ಇಲ್ಲದೆಯೇ ಕೈಬಂದೂಕು ಒಯ್ಯಬಹುದು. ಈ ಊರಿನ ಕಥೆಯೇ ಬೇರೆ, ಅದನ್ನು ರಥಬೀದಿಗೆ ತಂದು ಅಳೆಯಬೇಡಿ.

ಆದರೆ ಒಂದು ಪಾಠ ಎಲ್ಲಿಗೂ ಸಲ್ಲುತ್ತದೆ. ಹೊಸಬರು ನಳಿಗೆ ಎಷ್ಟು ಗಿಡ್ಡ ಎಂದು ನೋಡುತ್ತಾರೆ. ನಳಿಗೆ ಹೇಗೂ ಪ್ಯಾಂಟಿನೊಳಗೆ ಕೆಳಮುಖವಾಗಿ ಇರುತ್ತದೆ, ಯಾರ ಕಣ್ಣಿಗೂ ಬೀಳದು. ಶರ್ಟಿನ ಹಿಂದೆ ಗೂನಿನ ಹಾಗೆ ಎದ್ದು ನಿಲ್ಲುವುದು ಹಿಡಿಕೆ. ನೀವು ಬಗ್ಗಿದಾಗ ಬಟ್ಟೆಯನ್ನು ತಳ್ಳುವುದೂ ಅದೇ. ಅಂಗಡಿಯಲ್ಲಿ ಆರಿಸುವಾಗ ಹಿಡಿಕೆಯ ಉದ್ದ ನೋಡಿ, ಆಮೇಲೆ ದಪ್ಪ ನೋಡಿ, ನಳಿಗೆಯನ್ನು ಕೊನೆಗೆ ನೋಡಿ.

ಮಣಿಪಾಲದ ವಕೀಲೆ

ಕೊಳ್ಳುವ ಮೊದಲು ಕಾನೂನಿನ ನಾಲ್ಕು ಮಾತು. 9 ಎಂಎಂ, .38, .45 ಇವೆಲ್ಲ ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯ ನಾಗರಿಕರಿಗೆ ಸಿಗದ ನಳಿಗೆಯ ಅಳತೆ. ಸಾಮಾನ್ಯ ನಾಗರಿಕನ ಕೈಬಂದೂಕು ಎಂದರೆ ಹೆಚ್ಚಾಗಿ .32, ಬಿಟ್ಟರೆ .22. ವಿದೇಶದಿಂದ ಖಾಸಗಿಯವರು ಆಮದು ಮಾಡಿಕೊಳ್ಳುವುದು 1980ರ ದಶಕದಲ್ಲೇ ನಿಂತಿದೆ. ಹಳೆಯ ವಿದೇಶಿ ರಿವಾಲ್ವರ್‌ಗಳಿಗೆ ಲಕ್ಷಗಟ್ಟಲೆ ಬೆಲೆ ಹೇಳುವುದು ಇದರಿಂದಾಗಿಯೇ.

ಬಚ್ಚಿಟ್ಟುಕೊಂಡು ಒಯ್ಯಬೇಕೇ, ಕಾಣುವಂತೆ ಒಯ್ಯಬೇಕೇ ಎಂಬ ಅಮೆರಿಕದ ಚರ್ಚೆ ನಮಗೆ ಅನ್ವಯಿಸುವುದೇ ಇಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಹೋಲ್ಸ್ಟರ್ ಅಥವಾ ಅಂಥದ್ದೇ ಚೀಲದಲ್ಲಿ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿ ಇರಬೇಕು. ಮುಚ್ಚಿಕೊಳ್ಳುವುದು ನಿಮ್ಮ ಇಷ್ಟಾನಿಷ್ಟದ ಮಾತಲ್ಲ. ಬರಿಯ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರೆ ಅಲ್ಲಿಗೇ ನಿಯಮ ಮುರಿದಂತೆ. ಯಾರಿಗಾದರೂ ತೋರಿಸಿ ಹೆದರಿಸಿದರೆ ಆ ಪ್ರಕರಣ ಇನ್ನೂ ದೊಡ್ಡದು. ಮದುವೆ ಮನೆಯಲ್ಲಿ ಸಂಭ್ರಮಕ್ಕೆ ಗಾಳಿಗೆ ಗುಂಡು ಹಾರಿಸುವವರಿಗೆ 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಆಗಬಹುದು. ಅದೇ ತಿದ್ದುಪಡಿಯಲ್ಲಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು, ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು.

ಪರವಾನಗಿಯಲ್ಲಿ ವ್ಯಾಪ್ತಿ ಎಲ್ಲಿಯವರೆಗೆ ಎಂದು ಬರೆದಿರುತ್ತದೆ, ಅದನ್ನು ಕಣ್ಣರಳಿಸಿ ಓದಿ. ಕರ್ನಾಟಕಕ್ಕೆ ಮಾತ್ರ ಇದ್ದರೆ ತಲಪಾಡಿ ಗೇಟು ದಾಟಿದ ಕ್ಷಣ ನೀವು ಪರವಾನಗಿ ಇಲ್ಲದವರು. ಮಂಜೇಶ್ವರದ ಭಾವನ ಮನೆ ನಮಗೆ ನೆರೆಮನೆಯಂತೆ ಕಾಣಬಹುದು, ಕಾನೂನಿಗೆ ಅದು ಬೇರೆ ರಾಜ್ಯ.

ಬ್ರಹ್ಮಾವರದ ಹಳೆ ಸುಬೇದಾರ

ವ್ಯಾಪಾರಿಗಳೇ, ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಅಂಗಡಿಯಲ್ಲಿ ತೂಕದ ಕಲ್ಲುಗಳಿವೆಯಲ್ಲ? 500 ಗ್ರಾಂ ಮತ್ತು 200 ಗ್ರಾಂ ಎರಡನ್ನೂ ಒಂದು ಗಟ್ಟಿ ಚೀಲದಲ್ಲಿ ಹಾಕಿ ಬಲಸೊಂಟಕ್ಕೆ ಕಟ್ಟಿಕೊಳ್ಳಿ. ಬೆಳಿಗ್ಗೆ ಸ್ನಾನ ಮುಗಿದ ಮೇಲೆ ಕಟ್ಟಿದ್ದನ್ನು ರಾತ್ರಿ ಮಲಗುವಾಗ ಬಿಚ್ಚಿ. ಒಂದು ವಾರ. ಆಮೇಲೆ ಮಾತಾಡೋಣ.

ರಿವಾಲ್ವರಾ ಪಿಸ್ತೂಲಾ ಎಂದು ಕೇಳಿದ್ದೀರಿ. ದಿನಾ ಅಭ್ಯಾಸ ಮಾಡದವನಿಗೆ ನನ್ನ ಮತ ರಿವಾಲ್ವರ್‌ಗೆ. ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದರೂ ನಳಿಗೆಯ ಹಿಂತುದಿಯಲ್ಲಿ ಒಂದು ಗುಂಡು ಉಳಿದಿರಬಹುದು. ಖಾಲಿಯಾಯಿತು ಎಂದುಕೊಂಡು ಒರೆಸಲು ಕುಳಿತವರ ಕೈಯಲ್ಲಿ ಸಿಡಿದ ಕತೆಗಳು ಪ್ರತಿ ಪಲ್ಟನ್ನಿನಲ್ಲೂ ಇವೆ. ರಿವಾಲ್ವರ್ ತೆರೆದರೆ ಗುಂಡು ಕೂರುವ ಆರು ಮನೆಯೂ ಕಣ್ಣಿಗೆ ಕಾಣುತ್ತದೆ. ಗುಂಡು ಸಿಡಿಯದೆ ಹುಸಿ ಹೋದರೆ ಮತ್ತೊಮ್ಮೆ ಟ್ರಿಗರ್ ಎಳೆದರಾಯಿತು, ಮುಂದಿನ ಮನೆ ಬರುತ್ತದೆ. ಪಿಸ್ತೂಲಾದರೆ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಹಿಂದಕ್ಕೆ ಎಳೆದು ಹುಸಿ ಗುಂಡನ್ನು ಹೊರಹಾಕಬೇಕು. ಗಾಬರಿಯಲ್ಲಿ ನಡುಗುವ ಕೈಗೆ ಅದು ಸುಲಭವಲ್ಲ.

ಪಿಸ್ತೂಲು ತೆಳು, ಸೊಂಟಕ್ಕೆ ಹಿತ. ರಿವಾಲ್ವರಿನಲ್ಲಿ ಆ ಆರು ಮನೆಗಳಿರುವ ಸಿಲಿಂಡರ್ ಉಬ್ಬಿಕೊಂಡು ಪಕ್ಕೆಗೆ ಒತ್ತುತ್ತದೆ, ಅದೂ ನಿಜವೇ.

ರಥಬೀದಿ ವ್ಯಾಪಾರಿ

ಸುಬೇದಾರರೇ, ತೂಕದ ಕಲ್ಲು ಕಟ್ಟಿಕೊಂಡಿದ್ದೇನೆ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಪ್ಯಾಂಟು ಬಲಗಡೆಗೆ ಜಾರಿ, ಗಿರಾಕಿಯ ಮುಂದೆ ಮೂರು ಸಲ ಎಳೆದುಕೊಂಡೆ. ಅಂಗಡಿಯ ಹುಡುಗ ಡಾಕ್ಟರ ಹತ್ತಿರ ಹೋಗಿಬನ್ನಿ ಎಂದ.

ಚರ್ಮದ ಕೆಲಸದವ

ತಪ್ಪು ಪ್ಯಾಂಟಿನದ್ದಲ್ಲ, ಬೆಲ್ಟಿನದ್ದು. ಮಾಲ್‌ನಲ್ಲಿ ಸಿಗುವ ಮೆತ್ತಗಿನ ಬೆಲ್ಟು ತೂಕಕ್ಕೆ ಮಡಚಿಕೊಳ್ಳುತ್ತದೆ. ಬಂದೂಕು ಹೊರಗೆ ವಾಲುತ್ತದೆ, ಶರ್ಟು ಉಬ್ಬುತ್ತದೆ, ನೀವು ಪ್ಯಾಂಟು ಎಳೆದುಕೊಳ್ಳುತ್ತೀರಿ. ಎರಡು ಪದರದ ಚರ್ಮವನ್ನು ಅಂಟಿಸಿ ಅಂಚಿಗೆ ಹೊಲಿದ, ಒಂದೂವರೆ ಇಂಚು ಅಗಲದ ಬೆಲ್ಟು ಬೇಕು. ಕೈಯಲ್ಲಿ ಅಡ್ಡ ಹಿಡಿದರೆ ಅದು ಬಾಗಿ ಜೋತು ಬೀಳಬಾರದು. ನಾನು ಹತ್ತಾರು ಜನರಿಗೆ ಹೋಲ್ಸ್ಟರ್ ಹೊಲಿದಿದ್ದೇನೆ. ಹೋಲ್ಸ್ಟರ್ ಚುಚ್ಚುತ್ತದೆ ಎಂದು ಮರಳಿ ತಂದವರಲ್ಲಿ ಅರ್ಧ ಜನರಿಗೆ ಬೆಲ್ಟು ಬದಲಿಸಿ ಕಳಿಸಿದ್ದೇನೆ, ಹೋಲ್ಸ್ಟರ್ ಮುಟ್ಟಿಯೂ ಇಲ್ಲ.

ಹೋಲ್ಸ್ಟರಿಗೆ ಮೂರು ಗುಣ ಬೇಕು. ಟ್ರಿಗರ್ ಇರುವ ಜಾಗ ಪೂರ್ತಿ ಮುಚ್ಚಬೇಕು, ಬೆರಳಷ್ಟೇ ಅಲ್ಲ, ಶರ್ಟಿನ ತುದಿಯೂ ಒಳಗೆ ನುಗ್ಗಬಾರದು. ಬಂದೂಕು ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ಕುಸಿದು ಮುಚ್ಚಿಕೊಂಡರೆ ಮರಳಿ ಇಡುವಾಗ ಎರಡು ಕೈ ಬೇಕಾಗುತ್ತದೆ, ಆಗಲೇ ಅಪಘಾತ ಆಗುವುದು. ತಲೆಕೆಳಗೆ ಮಾಡಿ ಅಲುಗಾಡಿಸಿದರೆ ಬೀಳಬಾರದು, ಈ ಪರೀಕ್ಷೆಯನ್ನು ಖಾಲಿ ಬಂದೂಕಿನಲ್ಲಿ, ಹಾಸಿಗೆಯ ಮೇಲೆ ಮಾಡಿ. ಬೀದಿಯಲ್ಲಿ ಸಿಗುವ ಬಟ್ಟೆಯ ಹೋಲ್ಸ್ಟರ್ ಈ ಮೂರರಲ್ಲಿ ಒಂದನ್ನೂ ಪಾಸು ಮಾಡುವುದಿಲ್ಲ.

ನಮ್ಮ ಊರಿನ ಬೆವರಿಗೆ ಒಂದು ಉಪಾಯ: ಮೈಗೆ ತಾಗುವ ಬದಿಯಲ್ಲಿ ಚರ್ಮವನ್ನು ಹಿಡಿಕೆಯವರೆಗೆ ಎತ್ತರಿಸಿ ಹೊಲಿಸಿಕೊಳ್ಳಿ. ಕಬ್ಬಿಣ ಹೊಟ್ಟೆಗೆ ತಾಗದು, ಉಪ್ಪು ಬೆವರು ಕಬ್ಬಿಣಕ್ಕೆ ತಾಗದು. ಒಳಗೊಂದು ಬನಿಯನ್ ಇರಲಿ.

ಕುಂದಾಪುರದವ, ಈಗ ಟೆಕ್ಸಸ್

ಜಾಗದ ಬಗ್ಗೆ ಹೇಳುತ್ತೇನೆ. ಹೊಕ್ಕುಳನ್ನು ಗಡಿಯಾರದ ಹನ್ನೆರಡು ಎಂದಿಟ್ಟುಕೊಳ್ಳಿ. ಇಲ್ಲಿ ಈಗ ಹೆಚ್ಚಿನವರು ಒಂದರ ಹತ್ತಿರ, ಅಂದರೆ ಹೊಟ್ಟೆಯ ಮುಂಭಾಗದಲ್ಲಿ ಇಡುತ್ತಾರೆ. ಸಪೂರ ಇರುವವರಿಗೆ ಒಳ್ಳೆಯದು. ನಿಮ್ಮ ವರ್ಣನೆ ನೋಡಿದರೆ ಕುಳಿತಾಗ ಹಿಡಿಕೆ ಹೊಟ್ಟೆಗೆ ಒತ್ತುತ್ತದೆ, ನಳಿಗೆ ತೊಡೆಯ ಸಂದಿಗೆ ನೋಡುತ್ತದೆ. ಬೇಡ. ನಾಲ್ಕರ ಹತ್ತಿರ, ಬಲಸೊಂಟದ ಮೂಳೆಯ ಸ್ವಲ್ಪ ಹಿಂದಿನ ಗುಂಡಿಯಲ್ಲಿ, ಹಿಡಿಕೆ ಮುಂದಕ್ಕೆ ತುಸು ವಾಲಿರುವಂತೆ ಇಟ್ಟರೆ ನಿಮ್ಮ ಮೈಗೆ ಸರಿಹೋಗುತ್ತದೆ. ಪ್ಯಾಂಟಿನ ಒಳಗೆ ಇಡುವುದಾದರೆ ಸೊಂಟದ ಅಳತೆ ಎರಡು ಇಂಚು ಹೆಚ್ಚಿಸಿ ಹೊಲಿಸಿ. ಬೆನ್ನಿನ ನಟ್ಟನಡುವೆ ಮಾತ್ರ ಇಡಬೇಡಿ, ಜಾರಿ ಬಿದ್ದರೆ ಬೆನ್ನುಹುರಿಯ ಕೆಳಗೆ ಕಬ್ಬಿಣ.

ಬ್ರಹ್ಮಾವರದ ಹಳೆ ಸುಬೇದಾರ

ಅಮೆರಿಕದ ತಮ್ಮ, ಒಂದನ್ನು ಮರೆತೆ. ನಿನ್ನ ಕಾರಿನಲ್ಲಿ ಚಾಲಕ ಎಡಗಡೆ ಕೂರುತ್ತಾನೆ, ಸೀಟ್ ಬೆಲ್ಟಿನ ಬಕ್ಕಲ್ ಬಲಸೊಂಟದ ಹತ್ತಿರ ಬರುತ್ತದೆ. ಇಲ್ಲಿ ಎಲ್ಲ ತಿರುಗುಮುರುಗು. ಬೆಲ್ಟಿನ ಪಟ್ಟಿ ಬಲಸೊಂಟದ ಮೇಲೆ ಹಾದು ಎಡಕ್ಕೆ ಬಂದು ಸಿಕ್ಕಿಕೊಳ್ಳುತ್ತದೆ. ಶರ್ಟು ಪಟ್ಟಿಯ ಅಡಿಗೆ ಸಿಕ್ಕಿ, ಇಳಿಯುವಾಗ ಮೇಲಕ್ಕೆ ಎಳೆದು ನಿಲ್ಲುತ್ತದೆ. ಹೆಜಮಾಡಿ ಟೋಲಿನಲ್ಲಿ ಚಹಾಕ್ಕೆ ಇಳಿದ ಮನುಷ್ಯನ ಸೊಂಟ ಜಗತ್ತಿಗೆಲ್ಲ ಪ್ರದರ್ಶನ. ಕಾರಿನ ಬಾಗಿಲು ತೆರೆಯುವ ಮೊದಲು ಎಡಗೈಯಿಂದ ಶರ್ಟಿನ ಅಂಚು ಕೆಳಗೆ ಎಳೆದುಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ. ಹಾಗೆಂದು ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಊಟಕ್ಕೆ ಹೋಗುವ ಯೋಚನೆಯನ್ನೂ ಮಾಡಬೇಡಿ.

ಕಾರ್ಕಳದ ಅಡಿಕೆ ಕೃಷಿಕ

ನಾನು ಸ್ವಲ್ಪ ಅಪಸ್ವರ ಎತ್ತುತ್ತೇನೆ, ಬೇಸರ ಬೇಡ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕೋವಿ ಇದೆ. ಹಂದಿ, ಮಂಗ ಓಡಿಸಲು ಬೆಳೆ ರಕ್ಷಣೆಯ ಪರವಾನಗಿ. ಅದು ಗೋಡೆಗೆ ಸೇರಿದ ವಸ್ತು, ತೋಟಕ್ಕೆ ಹೋಗುವಾಗ ಹೆಗಲಿಗೆ ಬರುತ್ತದೆ, ಬಂದ ಮೇಲೆ ಗೋಡೆಗೆ ಹೋಗುತ್ತದೆ. ಮೈಗೆ ಅಂಟಿಕೊಂಡ ಬಂದೂಕು ಬೇರೆ ಜಾತಿ. ನಿಮ್ಮ ದಿನವನ್ನು ಒಮ್ಮೆ ಎಣಿಸಿ ನೋಡಿ. ಕೃಷ್ಣ ಮಠಕ್ಕೆ ಹೋದರೆ ಶರ್ಟು ಬಿಚ್ಚಬೇಕು. ಮನೆದೈವದ ನೇಮಕ್ಕೆ ಪಂಚೆ ಉಡಬೇಕು, ಪಂಚೆಗೆ ಬೆಲ್ಟೂ ಇಲ್ಲ ಹೋಲ್ಸ್ಟರೂ ಇಲ್ಲ. ಯಕ್ಷಗಾನಕ್ಕೆ ಹೋದರೆ ನೆಲದಲ್ಲಿ ಕಾಲು ಮಡಚಿ ಬೆಳಗಿನ ತನಕ. ಕಂಬಳದ ಗದ್ದೆಯಂಚಿನ ನೂಕುನುಗ್ಗಲಿನಲ್ಲಿ ನಿಮ್ಮ ಸೊಂಟಕ್ಕೆ ಯಾರ ಮೊಣಕೈ ತಾಗುತ್ತದೋ ದೇವರೇ ಬಲ್ಲ. ಬಂದೂಕು ಇಟ್ಟುಕೊಳ್ಳಬಹುದಾದ ದಿನಗಳಿಗಿಂತ ಇಟ್ಟುಕೊಳ್ಳಬಾರದ ದಿನಗಳೇ ಹೆಚ್ಚು ಬರುತ್ತವೆ. ಆ ದಿನಗಳಲ್ಲಿ ಅದು ಎಲ್ಲಿರುತ್ತದೆ ಎಂಬುದನ್ನು ಮೊದಲು ತೀರ್ಮಾನಿಸಿ, ಯಾವ ಕಂಪನಿಯದ್ದು ಎಂಬುದು ಆಮೇಲೆ.

ಬಿಜೈ ಡಾಕ್ಟರಮ್ಮ

ಕೃಷಿಕರು ಹೇಳಿದ್ದಕ್ಕೆ ನಾನೇ ಸಾಕ್ಷಿ. ರಾತ್ರಿ ಹೊತ್ತು ಒಬ್ಬಳೇ ಆಸ್ಪತ್ರೆಗೆ ಓಡಾಡಬೇಕಾಗಿದ್ದ ದಿನಗಳಲ್ಲಿ ನಾನು ನಿರ್ಭೀಕ್ ಕೊಂಡೆ. 2014ರಲ್ಲಿ ಬಂದ ರಿವಾಲ್ವರ್, ಹೆಂಗಸರಿಗೆಂದು ದೊಡ್ಡ ಪ್ರಚಾರ ಆಗಿತ್ತು. ಟೈಟಾನಿಯಂ ಮಿಶ್ರಲೋಹ, ತೂಕ ಅರ್ಧ ಕಿಲೋ, ಆಗಿನ ಬೆಲೆ ಸುಮಾರು 1.22 ಲಕ್ಷ. ಸೀರೆಗೆ ಹೋಲ್ಸ್ಟರ್ ಎಲ್ಲಿ ಕಟ್ಟುವುದು? ಕೈಚೀಲದಲ್ಲೇ ಇಟ್ಟೆ. ಪ್ರತ್ಯೇಕ ಖಾನೆ, ಒಳಗೆ ಗಟ್ಟಿ ಹೋಲ್ಸ್ಟರ್, ಅದರ ಜತೆಗೆ ಬೇರೇನೂ ಇಲ್ಲ. ಲಿಪ್‌ಸ್ಟಿಕ್ಕೋ ಪೆನ್ನೋ ಟ್ರಿಗರಿಗೆ ಸಿಕ್ಕಿಕೊಂಡರೆ ಸಾಕು, ಅನಾಹುತ.

ಎಲ್ಲ ಸರಿಯಾಗಿಯೇ ನಡೆದಿತ್ತು, ಒಂದು ಮದುವೆಯ ಊಟದ ತನಕ. ಕೈ ತೊಳೆಯಲು ಎದ್ದೆ, ಚೀಲ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಬೇಸಿನ್ ಹತ್ತಿರ ಹೋದ ಮೇಲೆ ನೆನಪಾಗಿ ಎದೆ ಧಸಕ್ಕೆಂದಿತು. ಓಡಿ ಬಂದು ನೋಡಿದರೆ ನಾದಿನಿಯ ನಾಲ್ಕು ವರ್ಷದ ಮಗ ಆ ಚೀಲದ ಜಿಪ್ ಹಿಡಿದು ಆಟವಾಡುತ್ತಿದ್ದ. ಖಾನೆ ತೆರೆದಿರಲಿಲ್ಲ. ಅಂದಿನಿಂದ ಚೀಲದಲ್ಲಿ ಒಯ್ಯುವುದನ್ನು ಬಿಟ್ಟೆ. ಚೀಲ ಕಿತ್ತುಕೊಂಡು ಓಡುವ ಕಳ್ಳನಿಗೆ ಬಂದೂಕನ್ನೂ ಉಡುಗೊರೆ ಕೊಟ್ಟ ಹಾಗಾಗುತ್ತದೆ ಎಂಬುದೂ ಆಮೇಲೆ ಹೊಳೆಯಿತು. ಹೆಂಗಸರಿಗೆ ಕೈಚೀಲವೇ ಸುಲಭ ಎಂದು ಮಾರುವವರು ಹೇಳುತ್ತಾರೆ. ಮಾರುವವರಿಗೆ ಸುಲಭ.

ಇನ್ನೊಂದು ಮಾತು. ಹಗುರ ಎಂದು ಖುಷಿಪಡುವ ಮೊದಲು ಹಾರಿಸಿ ನೋಡಿ. ಬಂದೂಕು ಹಗುರವಾದಷ್ಟೂ ಒದೆತ ಜಾಸ್ತಿ. .32ರದ್ದು ಸೌಮ್ಯ ಗುಂಡು, ಆದರೂ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ದಿನವಿಡೀ ಹೊರಲು ಹಗುರದ್ದು ಒಳ್ಳೆಯದು, ಗುರಿ ಕಲಿಯಲು ಭಾರದ್ದು ಒಳ್ಳೆಯದು.

ರಥಬೀದಿ ವ್ಯಾಪಾರಿ

ಡಾಕ್ಟರಮ್ಮ, ಓದಿ ಬೆವರಿದೆ. ನಮ್ಮಲ್ಲೂ ಇಬ್ಬರು ಮೊಮ್ಮಕ್ಕಳಿದ್ದಾರೆ. ಅಂಗಡಿಯಲ್ಲಿ ತಿಜೋರಿ ಇದೆ, ಮನೆಯಲ್ಲಿ ಇಲ್ಲ. ಮೊದಲು ಅದನ್ನು ತರಿಸುತ್ತೇನೆ.

ಶಸ್ತ್ರದಂಗಡಿಗೆ ಹೋಗಿ ಬಂದೆ. ಕಾನ್ಪುರದ ಹಳೆಯ ಮಾರ್ಕ್ 3 ರಿವಾಲ್ವರ್, ಹೊಸ ಪ್ರಬಲ್ ರಿವಾಲ್ವರ್, ಮತ್ತೆ ಅಶನಿ ಪಿಸ್ತೂಲು ಕೈಗೆ ಕೊಟ್ಟರು. ಅಶನಿ ಜೇಬಿನಲ್ಲಿ ಇಡುವಷ್ಟು ತೆಳು, ಮನಸ್ಸು ಅದರ ಮೇಲೇ ಹೋಯಿತು. ಆದರೆ ಸ್ಲೈಡ್ ಎಳೆಯಲು ಹೋದರೆ ನನ್ನ ಹೆಬ್ಬೆರಳಿನ ಸಂಧಿವಾತ ಒಪ್ಪಲಿಲ್ಲ.

ಬ್ರಹ್ಮಾವರದ ಹಳೆ ಸುಬೇದಾರ

ಹೆಬ್ಬೆರಳೇ ತೀರ್ಪು ಕೊಟ್ಟಿತು. ಮಾರ್ಕ್ 3 ಮತ್ತು ನಿರ್ಭೀಕ್ ನಡು ಮುರಿದು ತೆರೆಯುವಂಥವು, ತೆರೆದರೆ ಆರೂ ಖೋಕಾ, ಅಂದರೆ ಹಾರಿದ ಗುಂಡಿನ ಖಾಲಿ ಕವಚ, ಒಟ್ಟಿಗೆ ಎದ್ದು ಬರುತ್ತವೆ. 2023ರ ಆಗಸ್ಟ್‌ನಲ್ಲಿ ಬಂದ ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ತೂಕ ಸುಮಾರು 700 ಗ್ರಾಂ, ನಿಮ್ಮ ತೂಕದ ಕಲ್ಲಿನಷ್ಟೇ. 50 ಮೀಟರ್ ದೂರದ ಗುರಿ ಎಂದು ಜಾಹೀರಾತು ಹೇಳುತ್ತದೆ, ಅದನ್ನು ನಂಬಿ ಕೊಳ್ಳಬೇಡಿ. ಮೂರು ಇಂಚಿನ ನಳಿಗೆಯಲ್ಲಿ ನಾನೂ ನೀವೂ ಹತ್ತು ಮೀಟರಿನಲ್ಲಿ ಊಟದ ತಟ್ಟೆಗೆ ಹೊಡೆದರೆ ದೊಡ್ಡದು.

ಟ್ರಿಗರನ್ನೂ ಎಳೆದು ನೋಡಿ, ಅಂಗಡಿಯವರ ಅನುಮತಿ ಕೇಳಿ, ಖಾಲಿ ಎಂದು ಎರಡು ಸಲ ನೋಡಿ. ಪೂರ್ತಿ ಎಳೆಯುವಾಗ ನಳಿಗೆಯ ತುದಿ ನಡುಗಿದರೆ ಹಿಡಿಕೆ ನಿಮ್ಮ ಕೈಗೆ ಹೊಂದುವುದಿಲ್ಲ ಎಂದರ್ಥ. ಗುಂಡಿನ ವಿಷಯದಲ್ಲಿ ಎಚ್ಚರ, .32 ರಿವಾಲ್ವರಿನದ್ದೂ .32 ಪಿಸ್ತೂಲಿನದ್ದೂ ಬೇರೆ ಬೇರೆ. ಹೆಸರು ಒಂದೇ ಎಂದು ಅದಲುಬದಲು ಮಾಡಬೇಡಿ. ಅಜ್ಜನ ಕಾಲದ ರಿವಾಲ್ವರ್ ಇರುವವರು ಇದನ್ನು ಓದುತ್ತಿದ್ದರೆ, ಗುಂಡಿಗೆ ಬಡಿಯುವ ಸುತ್ತಿಗೆಯ (ಹ್ಯಾಮರ್) ಕೆಳಗಿನ ಮನೆ ಖಾಲಿ ಬಿಡಿ. ಹಳೆಯ ಎಷ್ಟೋ ಮಾದರಿಗಳಲ್ಲಿ ಕೆಳಗೆ ಬಿದ್ದರೆ ಸುತ್ತಿಗೆ ನೇರ ಗುಂಡಿಗೆ ತಾಗುತ್ತದೆ.

ಕಲಿಯಲು ಜಿಲ್ಲಾ ಪೊಲೀಸರು ಆಗಾಗ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಸೇರಿಕೊಳ್ಳಿ. ಬೆಳಿಗ್ಗೆ ಬೇಗ ಏಳಿಸುತ್ತಾರೆ, ಆರೋಗ್ಯಕ್ಕೂ ಒಳ್ಳೆಯದು.

ಮಣಿಪಾಲದ ವಕೀಲೆ

ಬೈಕು ಹಿಂಬಾಲಿಸಿದ ಕತೆ ಹೇಳಿದ್ದೀರಿ. ಅಂಥ ಹೊತ್ತಿನಲ್ಲಿ ಬಂದೂಕು ತೆಗೆಯುವ ಹಕ್ಕು ನಿಮಗಿರಲಿಲ್ಲ ಎಂಬುದು ಗೊತ್ತಿರಲಿ. ಆತ್ಮರಕ್ಷಣೆಯ ಹಕ್ಕು ಈಗ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಮುಗಳಲ್ಲಿದೆ. ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಹಿಂದೆ ಬಂದ ಬೈಕಿಗೆ ಸರಿಯಾದ ಉತ್ತರ 112, ಜತೆಗೆ ಹತ್ತಿರದ ಠಾಣೆಯ ಅಂಗಳಕ್ಕೆ ತಿರುಗಿಸಿದ ಸ್ಟೀರಿಂಗ್.

ಕಾರ್ಕಳದ ಅಡಿಕೆ ಕೃಷಿಕ

ಚುನಾವಣೆ ಬಂದರೆ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. 2024ರ ಲೋಕಸಭಾ ಚುನಾವಣೆಗೆ ಮಾರ್ಚ್‌ನಲ್ಲಿ ಕೊಟ್ಟ ಕೋವಿ ನನಗೆ ಮರಳಿ ಸಿಕ್ಕಿದ್ದು ಜೂನ್‌ನಲ್ಲಿ. ಅಷ್ಟರಲ್ಲಿ ಮಂಗಗಳು ತೆಂಗಿನ ಬೊಂಡಗಳನ್ನು ಮುಗಿಸಿದ್ದವು. ಬಟ್ಟೆ ಸುತ್ತಿ ಕೊಟ್ಟದ್ದರಿಂದ ನಳಿಗೆಯ ಮೇಲೆ ಬೆರಳಗಲ ತುಕ್ಕು. ಒಪ್ಪಿಸುವಾಗ ದಪ್ಪ ಎಣ್ಣೆ ಹಚ್ಚಿ, ರಸೀದಿಯಲ್ಲಿ ಕ್ರಮಸಂಖ್ಯೆ ಸರಿ ಇದೆಯೇ ನೋಡಿ.

ಚರ್ಮದ ಕೆಲಸದವ

ತುಕ್ಕಿನ ಮಾತು ಬಂದದ್ದು ಒಳ್ಳೆಯದಾಯಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಾಗಿಲ ಚಿಲಕಕ್ಕೇ ತುಕ್ಕು ಹಿಡಿಯುತ್ತದೆ, ಬಂದೂಕನ್ನು ಕೇಳಬೇಕೇ? ನನ್ನ ಹೊಟ್ಟೆಪಾಡಿಗೆ ವಿರುದ್ಧವಾದರೂ ಹೇಳುತ್ತೇನೆ: ರಾತ್ರಿ ಬಂದೂಕನ್ನು ಚರ್ಮದ ಹೋಲ್ಸ್ಟರಿನಲ್ಲಿಟ್ಟು ತಿಜೋರಿಗೆ ಹಾಕಬೇಡಿ. ಚರ್ಮ ಬೆವರು ಹೀರುತ್ತದೆ, ತೇವ ಹಿಡಿದಿಡುತ್ತದೆ, ಹದ ಮಾಡಿದ ಲವಣವೂ ಅದರಲ್ಲಿರುತ್ತದೆ. ಒಣಬಟ್ಟೆಯಿಂದ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ, ಗುಂಡು ಬೇರೆ ಇಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ತೆಂಗಿನೆಣ್ಣೆ ಬೇಡ ಮಾರಾಯರೇ, ಅಂಟಾಗಿ ಸಿಲಿಂಡರ್ ತಿರುಗದೆ ಒಬ್ಬರು ನನ್ನ ಹತ್ತಿರ ತಂದಿದ್ದರು. ಹೋಲ್ಸ್ಟರನ್ನು ನೆರಳಿನಲ್ಲಿ, ಗಾಳಿಗೆ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೆಟೆದುಕೊಳ್ಳುತ್ತದೆ.

ರಥಬೀದಿ ವ್ಯಾಪಾರಿ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಪ್ರಬಲ್ ಕೊಂಡೆ, ಪರವಾನಗಿಯಲ್ಲಿ ನಮೂದೂ ಆಯಿತು. ಮನೆಯ ಗೋಡೆಗೆ ತಿಜೋರಿ ಕೂರಿಸಿಯಾಯಿತು, ಕೀಲಿಕೈ ಎಲ್ಲಿದೆ ಎಂದು ನನಗೂ ಮನೆಯವಳಿಗೂ ಮಾತ್ರ ಗೊತ್ತು.

ಒಡವೆ ಒಯ್ಯುವ ಎರಡು ದಿನ ಮಾತ್ರ ಕಟ್ಟಿಕೊಳ್ಳುವುದು ಎಂದು ತೀರ್ಮಾನಿಸಿದ್ದೇನೆ. ದಪ್ಪ ಬೆಲ್ಟು ಹಾಕಿದ ಮೇಲೆ ಪ್ಯಾಂಟು ಜಾರುವುದು ನಿಂತಿದೆ. ಗಾಢ ಬಣ್ಣದ, ಸಣ್ಣ ಚೌಕಳಿಯ ಶರ್ಟಿನಲ್ಲಿ ಉಬ್ಬು ಕಾಣುವುದಿಲ್ಲ, ಬಿಳಿ ಶರ್ಟಿನಲ್ಲಿ ಅಂಗಡಿಯ ಹುಡುಗ ಎರಡನೇ ದಿನಕ್ಕೇ ಕಂಡುಹಿಡಿದ. ಮೊದಲ ವಾರ ಐದು ನಿಮಿಷಕ್ಕೊಮ್ಮೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು, ಈಗ ಕಡಿಮೆಯಾಗಿದೆ. ನಾಲ್ಕು ಗಂಟೆಯ ಜಾಗ ಕುರ್ಚಿಯಲ್ಲಿ ಕುಳಿತಾಗ ಹಿತವಾಗಿದೆ, ಕಾರಿನಲ್ಲಿ ಮೂಲ್ಕಿ ದಾಟುವಷ್ಟರಲ್ಲಿ ಸಿಲಿಂಡರ್ ಪಕ್ಕೆಗೆ ಒತ್ತಲು ಶುರುವಾಗುತ್ತದೆ. ಚರ್ಮದ ಕೆಲಸದವರೇ, ಹೋಲ್ಸ್ಟರಿನ ಒಳಬದಿಗೆ ಮೆತ್ತೆ ಹಾಕಬಹುದೇ, ಅಥವಾ ವಾಲಿಸುವ ಕೋನ ಬದಲಿಸಬೇಕೇ?

ಚರ್ಮದ ಕೆಲಸದವ

ಮೆತ್ತೆ ಹಾಕಿದರೆ ಬೆವರು ಕುಡಿದು ವಾಸನೆ ಬರುತ್ತದೆ. ಕೋನ ಬದಲಿಸೋಣ, ಅರ್ಧ ಇಂಚು ಹಿಂದಕ್ಕೂ ಸರಿಸೋಣ. ಗುರುವಾರ ಮಧ್ಯಾಹ್ನದ ಮೇಲೆ ಬನ್ನಿ. ಹೋಲ್ಸ್ಟರು, ಬೆಲ್ಟು, ಕಾರು ಓಡಿಸುವಾಗ ಹಾಕುವ ಪ್ಯಾಂಟು ತನ್ನಿ. ಬಂದೂಕು ತಿಜೋರಿಯಲ್ಲೇ ಇರಲಿ, ಅದರ ಅಳತೆಯ ಮರದ ಅಚ್ಚು ನನ್ನ ಹತ್ತಿರ ಇದೆ.